ಇಪ್ಪತ್ತೆರಡಕ್ಕೇ ಮುಪ್ಪೆ?

ಸೈಕಲ್ಲಿನ ಶರ್ಯತ್ತು ಓಡುವ ಹುಡುಗ ಬೇಗ ಸವೆದುಹೋಗುತ್ತಾನೆ ಎಂಬ ಮಾತು ನಮ್ಮ ಭಾಗದಲ್ಲಿ ವೇದವಾಕ್ಯದಷ್ಟು ಗಟ್ಟಿಯಾಗಿ ನಿಂತುಬಿಟ್ಟಿದೆ. ಬಾಗಲಕೋಟೆಯ ನವನಗರದ ಚಹದಂಗಡಿಯಲ್ಲಿ ಕುಳಿತ ನಿವೃತ್ತ ಮಾಸ್ತರರಿಂದ ಹಿಡಿದು ಇಳಕಲ್ಲಿನ ಸೀರೆ ಅಂಗಡಿಯ ಗಾದಿಗೆ ಒರಗಿದ ಸಾಹುಕಾರರವರೆಗೆ ಎಲ್ಲರದೂ ಒಂದೇ ರಾಗ. "ಅಷ್ಟು ತುಳದ್ರ ಎದಿ ಒಡೀತದ್ರೀ, ಮೊಣಕಾಲು ಹೋಗ್ತಾವ. ಇಪ್ಪತ್ತೆರಡಕ್ಕ ಬಿಟ್ಟದ್ದ ಚಲೋ ಆತು" ಎಂದು ಒಬ್ಬರೆಂದರೆ, "ಹೌದ್ರೀ ಮಾಸ್ತರ, ಇನ್ನೊಂದೆರಡು ವರ್ಷ ಓಡಿದ್ರ ನಲವತ್ತಕ್ಕ ಮುದುಕ ಆಗ್ತಿದ್ದ" ಎಂದು ಇನ್ನೊಬ್ಬರು ತಾಳ ಹಾಕುತ್ತಾರೆ. ಹುಡುಗನ ತಂದೆ ಪಕ್ಕದಲ್ಲೇ ಕುಳಿತಿದ್ದರೆ ಅವನಿಗೂ ಒಂದು ಬಗೆಯ ಸಮಾಧಾನ. ಮಗ ಸೈಕಲ್ಲು ಬಿಟ್ಟದ್ದು ಗತಿಯಿಲ್ಲದೆ ಎಂಬುದು ಮರೆತು, ಆರೋಗ್ಯದ ದೃಷ್ಟಿಯಿಂದ ಕೈಕೊಂಡ ವಿವೇಕದ ನಿರ್ಧಾರ ಅದೆಂಬಂತೆ ತೋರತೊಡಗುತ್ತದೆ.

ಈ ಮಾತು ಸುಳ್ಳು. ಬರಿಯ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು; ಲೋಕದಲ್ಲಿ ಎಷ್ಟೋ ಸುಳ್ಳುಗಳಿವೆ, ಎಲ್ಲಕ್ಕೂ ಲೇಖನಿ ಎತ್ತಲು ಯಾರಿಗೆ ಪುರಸತ್ತು? ಆದರೆ ಇದು ಅನುಕೂಲದ ಸುಳ್ಳು. ಹುಡುಗನ ಕಾಲಿನಲ್ಲೇ ಕಸುವು ತೀರಿತು ಎಂದ ಮೇಲೆ ಅವನ ಕೈಬಿಟ್ಟವರನ್ನು ಕೇಳುವವರಾರು? ಇಲಾಖೆಗೂ ನಿಶ್ಚಿಂತೆ, ಧನಿಕರಿಗೂ ನಿಶ್ಚಿಂತೆ, ಸನ್ಮಾನ ಸಭೆಯಲ್ಲಿ ಚಪ್ಪಾಳೆ ತಟ್ಟಿ ಮನೆಗೆ ಬಂದ ನಮಗೂ ನಿಶ್ಚಿಂತೆ.

ಎದೆ ಒಡೆಯುತ್ತದೆಂಬ ಭಯ ಹೊಸದೇನಲ್ಲ. 1890ರ ದಶಕದಲ್ಲಿ, ಸೈಕಲ್ಲು ಇನ್ನೂ ಹೊಸತಾಗಿದ್ದಾಗ, ಇಂಗ್ಲೆಂಡು ಅಮೆರಿಕೆಗಳ ಕೆಲವು ಡಾಕ್ಟರುಗಳು 'ಸೈಕಲ್ ಹೃದಯ' ಎಂಬ ಹೊಸ ರೋಗವನ್ನೇ ಹೆಸರಿಸಿ ಜನರನ್ನು ಹೆದರಿಸಿದ್ದರು. 1899ರಲ್ಲಿ ಸ್ವೀಡನ್ನಿನ ಹೆನ್ಶೆನ್ ಎಂಬ ವೈದ್ಯ ಹಿಮದ ಮೇಲೆ ಜಾರುವ ಸ್ಪರ್ಧಾಳುಗಳ ಎದೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ಪರೀಕ್ಷಿಸಿ, ಅವರ ಗುಂಡಿಗೆ ಹಿಗ್ಗಿರುವುದನ್ನು ಕಂಡ. ಹಿಗ್ಗಿದ ಆ ಗುಂಡಿಗೆ ರೋಗದ್ದಲ್ಲ, ಹೆಚ್ಚಿನ ಕೆಲಸಕ್ಕೆ ಒಗ್ಗಿಕೊಂಡದ್ದು ಎಂಬುದನ್ನೂ ಕಂಡ. ಅಲ್ಲಿಂದೀಚೆಗೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಸಂದಿವೆ. ನಮ್ಮ ಚಹದಂಗಡಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಊಹೆಯ ಮಾತು ಸಾಕು, ಲೆಕ್ಕಕ್ಕೆ ಬರೋಣ. ಸೈಕಲ್ಲು ತುಳಿಯುವುದನ್ನೇ ವೃತ್ತಿ ಮಾಡಿಕೊಂಡವರ ಅತಿ ಕಠಿಣ ಪರೀಕ್ಷೆ ಫ್ರಾನ್ಸ್ ದೇಶದ 'ಟೂರ್ ದ ಫ್ರಾನ್ಸ್'. 1903ರಲ್ಲಿ ಶುರುವಾದದ್ದು, ಈಗ ಮೂರು ವಾರಗಳಲ್ಲಿ, ಬೆಟ್ಟ ಹತ್ತಿ ಬೆಟ್ಟ ಇಳಿದು, ಮೂರು ಸಾವಿರದ ಮುನ್ನೂರು ಕಿಲೊಮೀಟರಿನ ಆಸುಪಾಸು ಓಡಬೇಕು. 1930ರಿಂದ 1964ರವರೆಗೆ ಅದರಲ್ಲಿ ಓಡಿದ ಫ್ರೆಂಚ್, ಇಟಾಲಿಯನ್, ಬೆಲ್ಜಿಯನ್ ಸವಾರರು 834 ಮಂದಿಯ ಹುಟ್ಟುಸಾವುಗಳನ್ನು ಸ್ಪೇನಿನ ಸಂಶೋಧಕರು ಕೂಡಿ ಹಾಕಿ 2011ರಲ್ಲಿ ಪ್ರಕಟಿಸಿದರು. ಆ ದೇಶಗಳ ಸಾಮಾನ್ಯ ಜನರಲ್ಲಿ ಅರ್ಧದಷ್ಟು ಮಂದಿ ತೀರಿಕೊಳ್ಳುವ ವಯಸ್ಸು ಎಪ್ಪತ್ತಮೂರೂವರೆಯಾದರೆ, ಈ ಸವಾರರಲ್ಲಿ ಅರ್ಧದಷ್ಟು ಮಂದಿ ತೀರಿಕೊಂಡದ್ದು ಎಂಬತ್ತೊಂದೂವರೆಗೆ. ಎಂಟು ವರ್ಷ ಹೆಚ್ಚು! 2013ರಲ್ಲಿ ಪ್ಯಾರಿಸ್ಸಿನ ಹೃದಯತಜ್ಞರು ಇನ್ನೊಂದು ಲೆಕ್ಕ ತೆಗೆದರು. 1947ರಿಂದ 2012ರ ತನಕ ಟೂರ್ ಓಡಿದ ಫ್ರೆಂಚರು 786 ಮಂದಿ. ಅವರ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರ ಫ್ರೆಂಚ್ ಗಂಡಸರಿಗಿಂತ ನೂರಕ್ಕೆ 41ರಷ್ಟು ಕಡಿಮೆ. ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸತ್ತವರು ಮೂರರಲ್ಲೊಂದು ಪಾಲು ಕಡಿಮೆ. ಒಡೆಯುತ್ತದೆಂದು ನಾವು ಹೆದರುವ ಎದೆ ಒಡೆಯದೆ ಇನ್ನಷ್ಟು ಬಾಳಿದೆ. ಕಡಿಮೆಯಾಗದೆ ಉಳಿದದ್ದು ಒಂದೇ, ಅಪಘಾತದ ಸಾವು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಬಲ್ಲವರು ಇಲ್ಲಿ ಒಂದು ಆಕ್ಷೇಪಣೆ ತೆಗೆಯುತ್ತಾರೆ. ಬ್ರಿಟನ್ನಿನ ಟಾಮ್ ಸಿಂಪ್ಸನ್ 1967ರ ಟೂರಿನಲ್ಲಿ ಮೊಂಟ್ ವೆಂಟೂ ಬೆಟ್ಟದ ಮೇಲೆ ಇಪ್ಪತ್ತೊಂಬತ್ತರ ಹರೆಯದಲ್ಲಿ ಕುಸಿದು ಸಾಯಲಿಲ್ಲವೆ? ಇಟಲಿಯ ಕೊಪ್ಪಿ ನಲವತ್ತಕ್ಕೇ ಹೋಗಲಿಲ್ಲವೆ? ಸಿಂಪ್ಸನ್ನನ ರಕ್ತದಲ್ಲಿ ಉತ್ತೇಜಕ ಮದ್ದಿತ್ತು, ಮೇಲೆ ಸುಡುವ ಬಿಸಿಲಿತ್ತು. ಕೊಪ್ಪಿ 1960ರಲ್ಲಿ ಸತ್ತದ್ದು ಆಫ್ರಿಕದಲ್ಲಿ ತಗುಲಿದ ಮಲೇರಿಯಾದಿಂದ. ಅದಕ್ಕೆ ಸೈಕಲ್ಲನ್ನು ದೂರುವುದು ನ್ಯಾಯವೆ? ಇಬ್ಬರನ್ನು ಹೆಸರಿಸಿದವರು ಉಳಿದವರನ್ನೂ ಹೆಸರಿಸಲಿ. 1950ರ ಟೂರ್ ಗೆದ್ದ ಸ್ವಿಸ್ ಸವಾರ ಕ್ಯೂಬ್ಲರ್ 97 ವರ್ಷ ಬದುಕಿದ. 1959ರದನ್ನು ಗೆದ್ದ ಸ್ಪೇನಿನ ಬಹಮೋಂಟೆಸ್ ತೀರಿಕೊಂಡದ್ದು 2023ರಲ್ಲಿ, 95ರ ವೃದ್ಧಾಪ್ಯದಲ್ಲಿ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಬೇರೆಯಿದೆ. ಹುಟ್ಟಿನಿಂದಲೇ ಗಟ್ಟಿಮುಟ್ಟಾದವನೇ ಸವಾರನಾಗುತ್ತಾನೆ, ಆಯುಷ್ಯವನ್ನು ಸೈಕಲ್ಲು ಕೊಟ್ಟಿತೆಂದು ಹೇಗೆ ಹೇಳುವುದು? ಈ ಮಾತಿನಲ್ಲಿ ತೂಕವಿದೆ, ಒಪ್ಪತಕ್ಕದ್ದೇ. ಸೈಕಲ್ಲು ತುಳಿದವರೆಲ್ಲ ಎಂಬತ್ತು ದಾಟುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಚಹದಂಗಡಿಯ ವಾದವೇನು? ಈ ಶ್ರಮ ಮನುಷ್ಯನನ್ನು ತಿಂದುಹಾಕುತ್ತದೆ ಎಂದಲ್ಲವೆ? ತಿಂದುಹಾಕುವಂಥ ಶ್ರಮವಾಗಿದ್ದರೆ ಅತಿ ಹೆಚ್ಚು ತುಳಿದವರೇ ಅತಿ ಬೇಗ ಹೋಗಬೇಕಿತ್ತು. ಹಾಗಾಗಿಲ್ಲ. ನನ್ನ ವಾದಕ್ಕೆ ಅಷ್ಟು ಸಾಕು.

ಇನ್ನು ಗಟ್ಟಿಮುಟ್ಟಿನ ಮಾತಿಗೆ ರೊಬೆರ್ ಮಾರ್ಶಾನ್ ಎಂಬ ಫ್ರೆಂಚನೊಬ್ಬನ ಕಥೆ ಕೇಳಬೇಕು. 1911ರಲ್ಲಿ ಹುಟ್ಟಿದವನು. ಐದಡಿಯ ಕುಳ್ಳ, ಎಳೆಯ ವಯಸ್ಸಿನಲ್ಲಿ ಅವನ ತರಬೇತುದಾರ ಈ ದೇಹ ಸೈಕಲ್ಲಿಗಲ್ಲ ಎಂದು ಅಂದುಬಿಟ್ಟನಂತೆ. ಬೆಂಕಿ ಆರಿಸುವ ಕೆಲಸ, ಮರ ಕಡಿಯುವ ಕೆಲಸ, ತರಕಾರಿ ಬೆಳೆಯುವ ಕೆಲಸ ಎಲ್ಲ ಮಾಡಿ, ಅರವತ್ತೇಳರ ಸುಮಾರಿಗೆ ಮತ್ತೆ ಸೈಕಲ್ಲು ಹತ್ತಿದ. ನೂರು ದಾಟಿದ ಮೇಲೆ 2012ರಲ್ಲಿ ಒಂದು ಗಂಟೆಯಲ್ಲಿ 24.251 ಕಿಲೊಮೀಟರು ತುಳಿದ. ಎರಡು ವರ್ಷ ಬಿಟ್ಟು, ಹಿಂದೆ ಬೀಳುವ ಬದಲು, 26.927 ತುಳಿದ. 105ನೆಯ ವಯಸ್ಸಿನಲ್ಲಿ 22.547. 2021ರಲ್ಲಿ 109 ವರ್ಷ ತುಂಬಿ ಬಾಳಿ ಹೋದ. ಒಬ್ಬನಿಂದ ಶಾಸ್ತ್ರವಾಗುವುದಿಲ್ಲ, ನಿಜ. ಆದರೆ ದೇಹವನ್ನು ಕಂಡು ಭವಿಷ್ಯ ನುಡಿಯುವವರ ಬಾಯಿಗೆ ಬೀಗ ಹಾಕಲು ಒಬ್ಬ ಸಾಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪ್ಯಾರಿಸ್ಸಿನ ಆ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ. ಯಾರೂ ಅದನ್ನು ಎತ್ತಿ ಆಡಿದಂತೆ ಕಾಣಲಿಲ್ಲ. ಆ 786 ಮಂದಿ ಮೊದಲ ಸಲ ಟೂರ್ ಓಡಿದಾಗ ಅವರ ಸರಾಸರಿ ವಯಸ್ಸು 25. ಅಲ್ಲಿ ದೊಡ್ಡ ಓಟದ ಮೊದಲ ಮೆಟ್ಟಿಲು ಇಪ್ಪತ್ತೈದಕ್ಕೆ. ನಮ್ಮಲ್ಲಿ ಇಪ್ಪತ್ತೆರಡಕ್ಕೆ ಮಂಗಳಾರತಿ!

ಇದು ಕೇವಲ ಅಲ್ಲಿಯ ಪದ್ಧತಿಯಲ್ಲ, ದೇಹದ ಪದ್ಧತಿ. ಚಣದಲ್ಲಿ ಚಿಮ್ಮುವ ವೇಗ ಹರೆಯದ ಸೊತ್ತು. ಅದು ಬೇಗ ಬಂದು ಬೇಗ ಹೋಗುತ್ತದೆ. ತಾಳುವ ಶಕ್ತಿ ಹಾಗಲ್ಲ. ಗುಂಡಿಗೆ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುವುದನ್ನು ಕಲಿಯಬೇಕು. ತೊಡೆಯ ಸ್ನಾಯುಗಳಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಕವಲೊಡೆಯಬೇಕು. ಕೊಬ್ಬನ್ನು ಉರಿಸಿಕೊಂಡು ಸಕ್ಕರೆಯನ್ನು ಉಳಿಸಿಕೊಳ್ಳುವ ಮಿತವ್ಯಯ ಮೈಗೆ ಬರಬೇಕು. ಇದೆಲ್ಲ ವರ್ಷಗಟ್ಟಲೆಯ ಬೇಸಾಯ. ಆದ್ದರಿಂದಲೇ ಇಟಲಿಯ ಬಾರ್ತಾಲಿ 1938ರಲ್ಲಿ ಟೂರ್ ಗೆದ್ದವನು, ನಡುವೆ ಮಹಾಯುದ್ಧವೇ ಬಂದುಹೋದರೂ, ಹತ್ತು ವರ್ಷದ ಮೇಲೆ 1948ರಲ್ಲಿ ಮತ್ತೆ ಗೆದ್ದ. ಪೂಲಿಡೋರ್ ನಲವತ್ತನೆಯ ವಯಸ್ಸಿನಲ್ಲಿ, 1976ರ ಟೂರಿನಲ್ಲಿ, ಮೂರನೆಯವನಾಗಿ ಬಂದ. ಹಾಲೆಂಡಿನ ಜೂಟೆಮೆಲ್ಕ್ 1985ರಲ್ಲಿ, ಸ್ಪೇನಿನ ವಾಲ್ವೆರ್ದೆ 2018ರಲ್ಲಿ, ಇಬ್ಬರೂ ಮೂವತ್ತೆಂಟು ತುಂಬಿದ ಮೇಲೆ ವಿಶ್ವ ಚಾಂಪಿಯನ್ನರಾದರು. ನಮ್ಮವರಿಗೆ ಆ ವಯಸ್ಸಿನಲ್ಲಿ ಸೈಕಲ್ಲಿನ ನೆನಪಾಗಿ ಉಳಿದಿರುವುದು ಗೋಡೆಯ ಮೇಲಿನ ಮಸುಕಾದ ಫೋಟೊ ಒಂದೇ.

ನಮ್ಮ ಜಿಲ್ಲೆಯನ್ನು ನಾನು ಹಗುರವಾಗಿ ಆಡುತ್ತಿಲ್ಲ. 1997ರ ತನಕ ಒಂದೇ ಜಿಲ್ಲೆಯಾಗಿದ್ದ ವಿಜಯಪುರ, ಬಾಗಲಕೋಟೆಗಳು ಕರ್ನಾಟಕದ ಸೈಕಲ್ಲಿನ ತವರು ಎಂಬುದು ಕ್ರೀಡೆ ಬಲ್ಲವರಿಗೆಲ್ಲ ಗೊತ್ತು. ರಾಷ್ಟ್ರಮಟ್ಟದ ರಸ್ತೆ ಓಟಗಳು ಜಮಖಂಡಿ, ವಿಜಯಪುರಗಳಲ್ಲೇ ನಡೆದಿವೆ. ಈ ಎರಡು ಊರುಗಳ ಕ್ರೀಡಾ ವಸತಿ ನಿಲಯಗಳಲ್ಲಿ ಬೆಳೆದ ಹುಡುಗ ಹುಡುಗಿಯರು ಬಹಳ ವರ್ಷಗಳಿಂದ ರಾಜ್ಯಕ್ಕೆ ಪದಕ ತರುತ್ತಿದ್ದಾರೆ. ಒಕ್ಕಲಿಗರ, ಕೂಲಿಕಾರರ ಮನೆಯ ಮಕ್ಕಳಿಗೆ ಊಟ, ವಸತಿ, ಓದು, ಸೈಕಲ್ಲು ನಾಲ್ಕನ್ನೂ ಒಟ್ಟಿಗೆ ಕೊಟ್ಟ ಏರ್ಪಾಡು ಅದು. ಅದನ್ನು ಕಟ್ಟಿದವರಿಗೆ ಕೃತಜ್ಞರಾಗಿರಬೇಕು. ನನ್ನ ಜಗಳ ಬಾಗಿಲಿನಿಂದ ಹೊರಬಿದ್ದ ಮರುದಿನದ್ದು. ಶಾಲೆಯ ವಯಸ್ಸಿನಲ್ಲಿ ಒಳಹೊಕ್ಕ ಮಗು ಓದು ಮುಗಿಸಿ ಹೊರಬೀಳುವಾಗ ಸೈಕಲ್ಲನ್ನು ಒಪ್ಪಿಸಿ ಬರಬೇಕು. ರೈಲ್ವೆಯಲ್ಲೋ ಸೈನ್ಯದಲ್ಲೋ ಪೊಲೀಸಿನಲ್ಲೋ ಆಟಗಾರರ ಕೋಟಾದಡಿ ಕೆಲಸ ಸಿಕ್ಕವನು ಪುಣ್ಯವಂತ. ಸಿಗದವನು ಹೊಲಕ್ಕೆ, ಇಳಕಲ್ಲಿನ ಕಲ್ಲಿನ ಕಾರ್ಖಾನೆಗೆ, ಇಲ್ಲವೆ ಬೆಂಗಳೂರಿನ ಬಸ್ಸಿಗೆ. ಹುಡುಗಿಯಾಗಿದ್ದರೆ ಪದಕದ ಫೋಟೊ ವರನ ಕಡೆಯವರಿಗೆ ತೋರಿಸುವ ಒಂದು ಅಲಂಕಾರ. ಅವಳ ಸೈಕಲ್ಲಿನ ಮಾತನ್ನು ಆಮೇಲೆ ಯಾರೂ ಎತ್ತುವುದಿಲ್ಲ.

ಮೊಣಕಾಲಿನ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಓಟಗಾರನ ಕಾಲಿನ ಮೇಲೆ ಹೆಜ್ಜೆಹೆಜ್ಜೆಗೂ ಮೈಭಾರ ಅಪ್ಪಳಿಸುತ್ತದೆ. ಸವಾರನ ಭಾರವನ್ನು ಸೀಟು ಹೊರುತ್ತದೆ. ಸೀಟಿನ ಎತ್ತರ ಸರಿಯಿದ್ದರೆ ಮೊಣಕಾಲಿಗೆ ಇಷ್ಟು ಸೌಮ್ಯವಾದ ದುಡಿಮೆ ಇನ್ನೊಂದಿಲ್ಲ. ನಮ್ಮ ಹುಡುಗರ ಮೊಣಕಾಲು ನೋಯುವುದೇನೋ ಉಂಟು. ಅಣ್ಣನ ಸೈಕಲ್ಲನ್ನು ತಮ್ಮ, ಉದ್ದ ಕಾಲಿನವನದನ್ನು ಗಿಡ್ಡ ಕಾಲಿನವ ಬೇಡಿ ತಂದು ನೂರು ಕಿಲೊಮೀಟರು ತುಳಿದರೆ ನೋಯದೆ ಏನಾದೀತು? ತನ್ನ ಅಳತೆಯದಲ್ಲದ ಚಪ್ಪಲಿ ಹಾಕಿಕೊಂಡು ಶ್ರೀಶೈಲಕ್ಕೆ ಪಾದಯಾತ್ರೆ ಹೋದವನ ಕಾಲಿನ ಬೊಕ್ಕೆಗೆ ಯಾತ್ರೆಯನ್ನು ಬೈಯುವಿರಾ, ಚಪ್ಪಲಿಯನ್ನು ಬೈಯುವಿರಾ?

ಈ ಅನಾದರಕ್ಕೆ ನಾವೊಂದು ಸುಂದರವಾದ ಹೊದಿಕೆ ಹೊಲಿದುಕೊಂಡಿದ್ದೇವೆ. ಅದರ ಹೆಸರು ಜೋಳದ ರೊಟ್ಟಿಯ ಕಸುವು. ಜಾತ್ರೆಯ ಶರ್ಯತ್ತಿನ ವೇದಿಕೆಯ ಮೇಲೆ ಈ ಭಾಷಣ ಕೇಳದವರಿಲ್ಲ. ಎರೆಮಣ್ಣಿನ ಮಕ್ಕಳು, ರೊಟ್ಟಿ ಮೆಣಸಿನಕಾಯಿ ತಿಂದವರು, ಇವರಿಗೆ ದಣಿವೆಂಬುದೇ ಗೊತ್ತಿಲ್ಲ! ಕೇಳಲು ಹಿತವಾಗಿದೆ. ಆದರೆ ದಣಿವು ಗೊತ್ತಿಲ್ಲದವನಿಗೆ ಹಾಲೇಕೆ, ಮೊಟ್ಟೆಯೇಕೆ, ಒಳ್ಳೆಯ ಟೈರೇಕೆ? ಹೊಗಳಿಕೆ ಮುಗಿಯುವ ಹೊತ್ತಿಗೆ ಖರ್ಚೂ ಮುಗಿದಿರುತ್ತದೆ. ಅದೇ ಜಾತ್ರೆಯಲ್ಲಿ ಜೋಡೆತ್ತಿನ ಶರ್ಯತ್ತೂ ಇರುತ್ತದೆ. ಆ ಎತ್ತಿನ ಯಜಮಾನ, ರೊಟ್ಟಿಯ ಕಸುವು ಸಾಕು ಎನ್ನುವುದಿಲ್ಲ. ಹಿಂಡಿ, ಹಾಲು, ಮೊಟ್ಟೆ, ಮೈ ತಿಕ್ಕಲು ಆಳು, ಹಬ್ಬಕ್ಕೆ ಜೂಲು ಎಲ್ಲ ಅದಕ್ಕುಂಟು. ಎತ್ತಿನ ಬಗ್ಗೆ ನಮಗಿರುವ ವಿಜ್ಞಾನ ಹುಡುಗನ ಬಗ್ಗೆ ಏಕಿಲ್ಲವೋ ಕಾಣೆ.

ನೆಲದ ಸಹಾಯ ಇಲ್ಲವೆಂದಲ್ಲ. ಬಾದಾಮಿಯಿಂದ ಬಾಗಲಕೋಟೆಗೆ ಕೆಂಪು ಗುಡ್ಡಗಳ ಏರಿಳಿತದ ದಾರಿ. ಹುನಗುಂದದ ಕಡೆ ಕಣ್ಣು ಮುಟ್ಟುವ ತನಕ ಎರೆಹೊಲದ ನಡುವೆ ನೆಟ್ಟಗೆ ಓಡುವ ರಸ್ತೆ. ಆಷಾಢದ ಗಾಳಿ ಮಲಪ್ರಭೆಯ ಬಯಲಿನಲ್ಲಿ ಎದುರಾದರೆ, ಬೆಟ್ಟವಿಲ್ಲದ ಊರಿನಲ್ಲೂ ಬೆಟ್ಟ ಹತ್ತಿದ ಶ್ರಮವಾಗುತ್ತದೆ. ಅಂಥ ಗಾಳಿಯಲ್ಲಿ ಕಲಿತ ಹುಡುಗನಿಗೆ ಒಬ್ಬನೇ ಗಡಿಯಾರದ ವಿರುದ್ಧ ಓಡುವ ಓಟ ಒಲಿದರೆ ಆಶ್ಚರ್ಯವಿಲ್ಲ. ಆದರೆ ನೆಲ ಕೊಡುವುದು ಆರಂಭವನ್ನು. ಮುಂದಿನ ಹತ್ತು ವರ್ಷವನ್ನು ಜನರು ಕೊಡಬೇಕು.

ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ನವೀನ್ ಜಾನ್ ಇದ್ದಾರೆ. ಅವರು ವಸತಿ ನಿಲಯದ ಮಗುವಲ್ಲ. ಅಮೆರಿಕದಲ್ಲಿ ಇಂಜಿನಿಯರಿಂಗ್ ಓದುವಾಗ, ಇಪ್ಪತ್ತು ದಾಟಿದ ಮೇಲೆ, ಸ್ಪರ್ಧೆಯ ಸೈಕಲ್ಲು ಹತ್ತಿದವರು. ಮುಂದೆ ರಾಷ್ಟ್ರೀಯ ಚಾಂಪಿಯನ್ನರಾಗಿ, 2016ರಲ್ಲಿ ಮೂವತ್ತರ ವಯಸ್ಸಿನಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭಾರತಕ್ಕಾಗಿ ಓಡಿದರು. ಅವರ ಸಾಹಸವನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ. ಆದರೆ ನಮ್ಮವರು ಮುಗಿಸುವ ವಯಸ್ಸಿನಲ್ಲಿ ಶುರುಮಾಡಿದವರು ಅಲ್ಲಿಗೆ ಮುಟ್ಟಿದರೆಂದರೆ, ಹನ್ನೆರಡಕ್ಕೆ ಶುರುಮಾಡಿದವರನ್ನು ಮೂವತ್ತರ ತನಕ ಉಳಿಸಿಕೊಂಡಿದ್ದರೆ ಎಲ್ಲಿಗೆ ಮುಟ್ಟುತ್ತಿದ್ದರು?

ಈ ಪುರವಣಿಯ ವಾಚಕರನ್ನೂ ಒಂದು ಮಾತು ಕೇಳಬೇಕಾಗಿದೆ, ಕೋಪಿಸಿಕೊಳ್ಳಬಾರದು. ನಿಮ್ಮಲ್ಲೇ ಎಷ್ಟೋ ಮಂದಿ ಡಾಕ್ಟರುಗಳು, ವಕೀಲರು, ಬ್ಯಾಂಕಿನವರು ನಲವತ್ತು ಐವತ್ತು ದಾಟಿದ ಮೇಲೆ ಲಕ್ಷಗಟ್ಟಲೆ ಬೆಲೆಯ ಸೈಕಲ್ಲು ಕೊಂಡು 'ಬ್ರೆವೆ' ಎಂಬ ದೂರದ ಸವಾರಿಗೆ ಹೋಗುತ್ತೀರಿ. ಇನ್ನೂರು ಕಿಲೊಮೀಟರಿಗೆ ಹದಿಮೂರೂವರೆ ಗಂಟೆ, ಆರುನೂರಕ್ಕೆ ನಲವತ್ತು ಗಂಟೆ. ಕೆಲವರು ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಬರುವ ಸಾವಿರದ ಇನ್ನೂರು ಕಿಲೊಮೀಟರನ್ನು ತೊಂಬತ್ತು ಗಂಟೆಯೊಳಗೆ ಮುಗಿಸುವ ಹಂಬಲದವರೂ ಉಂಟು. ಬಹಳ ಸಂತೋಷ, ಇನ್ನೂ ಹೆಚ್ಚು ಹೋಗಿ. ಐವತ್ತಕ್ಕೂ ತಾಳುವ ಶಕ್ತಿ ಬತ್ತುವುದಿಲ್ಲ ಎಂಬುದು ಸ್ವಂತ ಕಾಲಿನಿಂದಲೇ ನಿಮಗೆ ಗೊತ್ತಾಯಿತಲ್ಲ? ಹಾಗಿದ್ದ ಮೇಲೆ, ದಾರಿಯಲ್ಲಿ ನಿಮ್ಮ ಪಂಕ್ಚರು ತಿದ್ದಿಕೊಟ್ಟ ಇಪ್ಪತ್ತಮೂರರ ಮಾಜಿ ಚಾಂಪಿಯನ್ನನ ಬಗ್ಗೆ ನಿಮ್ಮ ಸಹ್ಯಾತ್ರಿಯೊಬ್ಬ "ಪಾಪ, ಅವನ ಕಾಲ ಮುಗಿಯಿತು" ಎಂದಾಗ ಏಕೆ ಸುಮ್ಮನಿರುತ್ತೀರಿ? ಸಂಬಳವಿದ್ದವನ ಕಾಲಿಗೆ ಒಂದು ಶರೀರಶಾಸ್ತ್ರ, ಇಲ್ಲದವನ ಕಾಲಿಗೆ ಇನ್ನೊಂದೆ?

ದುಡ್ಡೆಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಯೂರೋಪಿನ ಸವಾರರಿಗೆ ಸರಕಾರ ಸಂಬಳ ಕೊಟ್ಟದ್ದಲ್ಲ. ಮೊದಮೊದಲು ಸೈಕಲ್ಲು ಮಾಡುವ ಕಂಪನಿಗಳೇ ತಂಡ ಕಟ್ಟಿದವು. ಆ ವ್ಯಾಪಾರ ಬಿದ್ದುಹೋಗುತ್ತಿದ್ದಾಗ, 1954ರಲ್ಲಿ, ಫಿಯೊರೆಂಜೊ ಮಾಗ್ನಿ ಎಂಬ ಇಟಾಲಿಯನ್ ಸವಾರ ನಿವೇಯಾ ಎಂಬ ಮುಖಕ್ಕೆ ಹಚ್ಚುವ ಕ್ರೀಮಿನ ಕಂಪನಿಯನ್ನು ಒಪ್ಪಿಸಿ, ಅದರ ಹೆಸರನ್ನು ಅಂಗಿಯ ಮೇಲೆ ಹಾಕಿಕೊಂಡು ಓಡಿದ. ಗಂಡಸರ ಮೈಮೇಲೆ ಕ್ರೀಮಿನ ಹೆಸರೇ ಎಂದು ನಕ್ಕವರಿದ್ದಿರಬಹುದು. ಈ ಮಾಗ್ನಿಯೇ 1956ರ ಇಟಲಿಯ ಓಟದಲ್ಲಿ ಹೆಗಲೆಲುಬು ಮುರಿದುಕೊಂಡು, ಹ್ಯಾಂಡಲ್ಲಿಗೆ ಟ್ಯೂಬು ಕಟ್ಟಿ ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದು ಬೆಟ್ಟ ಹತ್ತಿ, ಎರಡನೆಯವನಾಗಿ ಮುಗಿಸಿದ. ಬದುಕಿದ್ದು 91 ವರ್ಷ. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ಸಿಮೆಂಟಿನವಿವೆ, ಗ್ರಾನೈಟಿನವರಿದ್ದಾರೆ, ಅಮೀನಗಡದ ಕರದಂಟಿನವರಿದ್ದಾರೆ. ಇಳಕಲ್ಲ ಸೀರೆಯ ಹೆಸರು ಹೊತ್ತ ಅಂಗಿ ತೊಟ್ಟು ಹತ್ತು ಹುಡುಗರು, ಹತ್ತು ಹುಡುಗಿಯರು ಮೂವತ್ತರ ತನಕ ತಿಂಗಳ ಸಂಬಳ, ವೈದ್ಯಕೀಯ ವಿಮೆಗಳೊಂದಿಗೆ ಓಡಿದರೆ ನಗುವವರು ನಗಲಿ. ಜಾತ್ರೆಯ ಶರ್ಯತ್ತಿಗೆ ಒಂದು ದಿನ ಬಹುಮಾನ ಕೊಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇದರ ಹೆಸರು ಹೆಚ್ಚು ದಿನ ನಿಲ್ಲುತ್ತದೆ. ವ್ಯಾಪಾರಿಗಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಇಲಾಖೆಯ ಕಡೆಯಿಂದ ಬೇಕಾದದ್ದು ದುಡ್ಡಿಗಿಂತ ಮೊದಲು ಒಂದು ಪಟ್ಟಿ. ಟೂರ್ ಓಡಿದವರ ಹೆಸರು ವರ್ಷವರ್ಷವೂ ಅಚ್ಚಾದದ್ದರಿಂದಲೇ ಅವರ ಆಯುಷ್ಯದ ಲೆಕ್ಕ ಸಾಧ್ಯವಾಯಿತು. ಈ ನಿಲಯಗಳಿಂದ ಹೊರಬಂದ ಪ್ರತಿಯೊಬ್ಬರ ಹೆಸರು, ಓಡಿದ ವರ್ಷಗಳು, ಬಿಟ್ಟ ವಯಸ್ಸು, ಬಿಟ್ಟ ಕಾರಣ ಇಷ್ಟನ್ನು ಬರೆದಿಟ್ಟು ಪ್ರಕಟಿಸಲಿ. ಮೊಣಕಾಲಿನಿಂದ ಬಿಟ್ಟವರೆಷ್ಟು, ಹೊಟ್ಟೆಪಾಡಿಗೆ ಬಿಟ್ಟವರೆಷ್ಟು, ಮದುವೆಯಿಂದ ಬಿಟ್ಟವರೆಷ್ಟು ಎಂಬುದು ಊರಿಗೆ ತಿಳಿಯಲಿ.

ಕೊನೆಯದಾಗಿ, ನೆನಪಿನಲ್ಲಿಡಿ ಎಂದೆನಲ್ಲ, ಆ ಅಪಘಾತದ ಮಾತು. ನಮ್ಮ ಸವಾರನ ಆಯುಷ್ಯಕ್ಕೆ ನಿಜವಾದ ವೈರಿ ಅವನ ಎದೆಯೊಳಗಿಲ್ಲ, ಕತ್ತಲಲ್ಲಿ ರಸ್ತೆಯ ಮೇಲಿದೆ. ಬಿಸಿಲಿಗೆ ಹೆದರಿ ಹುಡುಗರು ಬೆಳಗಿನ ಐದಕ್ಕೇ ಹೊರಡುತ್ತಾರೆ. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು, ಅಳತೆ ಮೀರಿ ಚಾಚಿದ ಕಬ್ಬಿನ ಸಮೇತ, ಹಿಂದೆ ಕೆಂಪು ದೀಪವೂ ಇಲ್ಲದೆ ಹೊಳೆಯುವ ಪಟ್ಟಿಯೂ ಇಲ್ಲದೆ ಸಾಗುತ್ತಿರುತ್ತವೆ; ಕೆಟ್ಟು ನಿಂತರೆ ರಸ್ತೆಯ ನಡುವೆಯೇ ನಿಲ್ಲುತ್ತವೆ. ತಲೆ ತಗ್ಗಿಸಿ ಗಂಟೆಗೆ ನಲವತ್ತು ಕಿಲೊಮೀಟರಿನಲ್ಲಿ ಬರುವವನಿಗೆ ಅದು ಕಾಣುವುದು ಹತ್ತು ಮಾರು ಉಳಿದಾಗ. ದೀಪವಿಲ್ಲದ ಟ್ರೇಲರನ್ನು ತೂಕದ ಕಟ್ಟೆಗೆ ಬಿಡುವುದಿಲ್ಲ ಎಂದು ಕಾರ್ಖಾನೆಯ ಗೇಟಿನಲ್ಲೇ ಹೇಳಿದರೆ ಸಾಕು, ಹೊಸ ಕಾಯಿದೆ ಬೇಕಾಗಿಲ್ಲ. ಕಬ್ಬು ಅರೆಯುವ ಹಂಗಾಮು ದೀಪಾವಳಿಯ ಆಸುಪಾಸಿಗೆ ಶುರುವಾಗುತ್ತದೆ. ಒಂದು ಟ್ರೇಲರಿಗೆ ಪಟ್ಟಿ ಹಚ್ಚಲು ಕಾಲು ಗಂಟೆ ಹಿಡಿಯುತ್ತದೆ.